ಕೋರಂಟಿ ಎಂಬ ಮಾತು

ನಲ್ಲಕುಂಟದ ಫೀವರ್ ಆಸ್ಪತ್ರೆಯನ್ನು ಹೈದರಾಬಾದಿನ ಹಳಬರು ಇಂದಿಗೂ ಕೋರಂಟಿ ದವಾಖಾನೆ ಎಂದೇ ಕರೆಯುತ್ತಾರೆ. 1915ರಲ್ಲಿ ಅಂಟುರೋಗಿಗಳಿಗಾಗಿ ಊರಾಚೆಯ ಗುಡ್ಡವೊಂದರ ಮೇಲೆ ಆರಂಭವಾದ ಆಸ್ಪತ್ರೆ ಅದು. ನಲ್ಲಕುಂಟಕ್ಕೆ ಬಂದದ್ದು ಆಮೇಲೆ. ಕ್ವಾರಂಟೈನ್ ಎಂಬುದು ಜನರ ಬಾಯಲ್ಲಿ ಕೋರಂಟಿಯಾಯಿತು. ಮೂಲ ವೆನಿಸ್ ಪಟ್ಟಣದ ಭಾಷೆಯದು. ಅರ್ಥ ನಲವತ್ತು ದಿನ. ಪ್ಲೇಗಿನ ಭಯದಿಂದ ಹಡಗುಗಳನ್ನು ಅಷ್ಟು ದಿನ ದೂರವೇ ನಿಲ್ಲಿಸುತ್ತಿದ್ದರು.

ನಮ್ಮಲ್ಲಿ ರೋಗಿಗಳ ಮೇಲೆ ಸರ್ಕಾರಕ್ಕೆ ಭಾರಿ ಅಧಿಕಾರ ಕೊಟ್ಟದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಮುಂಬಯಿಯ ಪ್ಲೇಗಿಗೆ ಹೆದರಿ ಅವಸರದಲ್ಲಿ ಮಾಡಿದ ಅದರಲ್ಲಿ ಆಗ ಇದ್ದುದು ನಾಲ್ಕೇ ಸೆಕ್ಷನ್ನು. ಕಡತಗಳ ನಡುವೆ ದಿನ ಕಳೆಯುವ ನನ್ನಂಥವನ ಕಣ್ಣಿಗೆ ಮೊದಲು ಬೀಳುವುದು ನಾಲ್ಕನೆಯದು: ಸದುದ್ದೇಶದಿಂದ ಕೆಲಸ ಮಾಡಿದವರ ಮೇಲೆ ದಾವೆ ಹೂಡುವಂತಿಲ್ಲ. ರೋಗಿಯ ಹಕ್ಕಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮರುವರ್ಷ ಬೆಂಗಳೂರಿಗೂ ಪ್ಲೇಗು ಬಂತು. ಅದರಿಂದ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಎಲ್ಲರಿಗೂ ಗೊತ್ತು. ಶಿಬಿರಕ್ಕೆ ಎಳೆದೊಯ್ಯುತ್ತಾರೆಂದು ಜನ ಕಾಯಿಲೆಯನ್ನೇ ಮುಚ್ಚಿಡುತ್ತಿದ್ದುದು ಅಷ್ಟಾಗಿ ನೆನಪಿಲ್ಲ.

ಪ್ಲೇಗಿನ ಈ ಮದ್ದನ್ನು ಏಡ್ಸ್‌ಗೂ ಪ್ರಯೋಗಿಸಿದ್ದು ನಮ್ಮ ಕಾರವಾರದ ನೆರೆಯ ಗೋವಾದಲ್ಲಿ. ಅಲ್ಲಿನ 1985ರ ಸಾರ್ವಜನಿಕ ಆರೋಗ್ಯ ಕಾಯಿದೆಗೆ ತಿದ್ದುಪಡಿ ತಂದು, ಎಚ್‌ಐವಿ ಸೋಂಕಿನವರನ್ನು ಬೇರೆ ಇಡಬೇಕೆಂದು ವಿಧಿಸಿದ್ದರು. ಡಾಮಿನಿಕ್ ಡಿಸೋಜ ಎಂಬ ತರುಣ ಆಗಾಗ ರಕ್ತದಾನ ಮಾಡುತ್ತಿದ್ದ. ಹಾಗೆ ಕೊಟ್ಟ ರಕ್ತದಲ್ಲೇ ಸೋಂಕು ಕಂಡಿತು. 1989ರ ಫೆಬ್ರವರಿಯಲ್ಲಿ ಪೊಲೀಸರು ಆತನನ್ನು ಕರೆದೊಯ್ದರು. ಮಾಪುಸಾದಲ್ಲಿ ಪಾಳುಬಿದ್ದಿದ್ದ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಕೂಡಿಹಾಕಿದರು. 64 ದಿನ! ಹಡಗಿಗೂ ನಲವತ್ತೇ. ತಾಯಿ ಲೂಸಿ ಅವರು ಮುಂಬಯಿ ಹೈಕೋರ್ಟಿನ ಮೊರೆ ಹೊಕ್ಕರು. ಮಗ ಮನೆಗೆ ಬಂದ. ಆದರೆ ಕೊನೆಯ ತೀರ್ಪು ಕಾಯಿದೆಯನ್ನು ಎತ್ತಿಹಿಡಿಯಿತು. ಒಬ್ಬನ ಹಕ್ಕಿಗಿಂತ ಸಮಾಜದ ಹಿತ ದೊಡ್ಡದೆಂದಿತು. ಪ್ಲೇಗಿನ ಮಟ್ಟಿಗೆ ಈ ವಾದ ಸಲ್ಲಬಹುದೇನೋ. ಎಚ್‌ಐವಿ ಕೈ ಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಕೆಮ್ಮಿದರೆ ಹರಡುವುದಿಲ್ಲ. ಕೂಡಿಹಾಕುತ್ತಾರೆಂದು ಗೊತ್ತಾದರೆ ಯಾರು ತಾನೇ ಪರೀಕ್ಷೆಗೆ ಬಂದಾರು? ರಕ್ತ ಕೊಡಲು ಬಂದವನಿಗೇ ಆ ಗತಿಯಾಯಿತಲ್ಲ!

ಡಾಮಿನಿಕ್ 1992ರಲ್ಲಿ ತೀರಿಕೊಂಡ. ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಆದದ್ದು 2017ರಲ್ಲಿ. ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಸೋಂಕಿದೆಯೆಂಬ ಒಂದೇ ಕಾರಣಕ್ಕೆ ಬೇರೆ ಇಡುವುದು, ಚಿಕಿತ್ಸೆ ನಿರಾಕರಿಸುವುದು, ಬಾಡಿಗೆ ಮನೆ ಕೊಡದಿರುವುದು ಈಗ ಕಾನೂನಿಗೆ ವಿರುದ್ಧ. ಪರವೂರಿನಲ್ಲಿ ಬಾಡಿಗೆ ಮನೆಗೆ ಅಲೆದ ನಮಗೆ ಆ ಕೊನೆಯ ಮಾತಿನ ಬೆಲೆ ಬೇರೆಯವರು ಹೇಳಬೇಕಿಲ್ಲ. ನೌಕರಿಗೆ ಸೇರುವ ಮುನ್ನ ಈ ಪರೀಕ್ಷೆ ಆಗಲೇಬೇಕೆಂದು ಕೇಳುವಂತಿಲ್ಲ. 100 ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಇಂಥ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ನಿಮ್ಮ ಕಚೇರಿಯಲ್ಲಿ ಅವರು ಯಾರೆಂದು ಒಮ್ಮೆ ವಿಚಾರಿಸಿ ನೋಡಿ.