ಗಂಜಿ, ಗೆರೆ ಮತ್ತು ಖಾಕಿ

ವೈಟ್‌ಫೀಲ್ಡಿನ ಐ.ಟಿ. ಪಾರ್ಕೊಂದರ ಗೇಟಿನಲ್ಲಿ ಬೆಳಿಗ್ಗೆ ಏಳಕ್ಕೆ ಪಾಳಿ ಬದಲಾಗುತ್ತದೆ. ಹೊಸ ಪಾಳಿಯ ಕಾವಲುಗಾರರು ಸಾಲಾಗಿ ನಿಲ್ಲಬೇಕು. ಮೇಲ್ವಿಚಾರಕರ ಕಣ್ಣು ಮೊದಲು ಬೂಟಿನ ಮೇಲೆ, ಆಮೇಲೆ ಪ್ಯಾಂಟಿನ ಗೆರೆಯ ಮೇಲೆ. ಗೆರೆ ನೆಟ್ಟಗಿಲ್ಲದಿದ್ದರೆ ಅಂದಿನ ಹಾಜರಿಗೇ ಕುತ್ತು. ಹವಾಲ್ದಾರರಾಗಿ ನಿವೃತ್ತರಾಗಿ ಇಲ್ಲಿ ಕೆಲಸಕ್ಕೆ ಸೇರಿದವರೊಬ್ಬರು, ‘ಪಲ್ಟನ್ನಿನಲ್ಲಿ ಧೋಬಿ ಇದ್ದ ಸಾರ್, ಇಲ್ಲಿ ಇಸ್ತ್ರಿ ದುಡ್ಡೂ ನಮ್ಮದೇ’ ಎಂದು ನಕ್ಕರು.

ಆ ನಗೆಯ ಹಿಂದೆ ಇನ್ನೂರು ವರ್ಷಗಳ ಕಥೆಯಿದೆ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿದಾಗ ಸಿಪಾಯಿಯ ಉಡುಪು ನಮ್ಮ ಹವೆಗೆ ಹೊಂದುವಂಥದ್ದಾಗಿರಲಿಲ್ಲ. ಮೈಮೇಲೆ ಬಿಗಿಯಾದ ಕೆಂಪು ಕೋಟು, ಎದೆಗೆ ಅಡ್ಡಡ್ಡ ಬಿಳಿ ಪಟ್ಟಿಗಳು. ಪಟ್ಟಿ ಬೆಳ್ಳಗಿರಬೇಕೆಂದರೆ ಬಿಳಿ ಜೇಡಿಮಣ್ಣನ್ನು ನೀರಿನಲ್ಲಿ ಕಲಸಿ ಬಳಿಯಬೇಕು. ಮಳೆ ಬಂದರೆ ಅದು ಕರಗಿ ಕೋಟಿಗಿಳಿಯುತ್ತಿತ್ತು. ಗುಂಡಿಗಳನ್ನು ಉಜ್ಜುವ ಕೆಲಸವಂತೂ ಇದ್ದದ್ದೇ. ಹುಣಸೆಹಣ್ಣಿನಿಂದ ದೇವರ ದೀಪ ಬೆಳಗುವ ನಮ್ಮ ಮನೆಯ ಹೆಂಗಸರಿಗೆ ಈ ಪಾಡು ಚೆನ್ನಾಗಿ ಅರ್ಥವಾದೀತು.

ಅಧಿಕಾರಿಗಳಿಗೆ ಆ ತಾಪತ್ರಯ ಇರಲಿಲ್ಲ. 1896ರಲ್ಲಿ ನಾಲ್ಕನೇ ಹುಸಾರ್ ಪಡೆಯೊಡನೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಬಟ್ಟೆಯನ್ನು ಉಡುಪಿನ ಹುಡುಗನಿಗೆ, ಕುದುರೆಯನ್ನು ಸೈಸನಿಗೆ, ಹಣವನ್ನು ಬಟ್ಲರನಿಗೆ ಒಪ್ಪಿಸಿಬಿಟ್ಟರೆ ಮುಂದೆ ಯಾವ ಚಿಂತೆಯೂ ಇರಲಿಲ್ಲವಂತೆ. ಆ ಉಡುಪಿನ ಹುಡುಗ ಯಾರು, ಅವನ ಹೆಸರೇನು ಎಂಬುದಕ್ಕೆ ಇತಿಹಾಸದಲ್ಲಿ ಜಾಗವಿಲ್ಲ.

ಕೊಳೆ ಕಾಣದ ಬಟ್ಟೆಯೊಂದು ಬೇಕು ಎಂಬ ಹಂಬಲದಿಂದಲೇ ಖಾಕಿ ಹುಟ್ಟಿತು. ಪಾರಸಿಯಲ್ಲಿ ‘ಖಾಕ್’ ಎಂದರೆ ಧೂಳು. 1840ರ ದಶಕದ ಕೊನೆಯಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಇದನ್ನು ತೊಟ್ಟಿತು. 1857ರ ದಂಗೆಯ ಬೇಸಿಗೆಯಲ್ಲಿ ಗೋರಾ ಸಿಪಾಯಿಗಳು ತಮ್ಮ ಬಿಳಿ ಬಟ್ಟೆಗಳನ್ನು ಚಹಾ, ಮಣ್ಣು, ಕಡೆಗೆ ಶಾಯಿಯಲ್ಲೂ ಅದ್ದಿದರು. ತೊಂದರೆ ಬಂದದ್ದು ಒಗೆಯುವಾಗ. ಒಂದೊಂದು ಒಗೆತಕ್ಕೆ ಒಂದೊಂದು ಬಣ್ಣವಾಗಿ, ಸಾಲಿನಲ್ಲಿ ನಿಂತ ನೂರು ಜನರಲ್ಲಿ ನೂರು ಖಾಕಿ!

ಇಲ್ಲಿ ನಮ್ಮ ಮಂಗಳೂರಿನ ಹೆಸರು ಬರುತ್ತದೆ. 1851ರಲ್ಲಿ ಬಾಸೆಲ್ ಮಿಶನ್ನಿನ ನೇಯ್ಗೆ ಕೆಲಸಕ್ಕೆಂದು ಬಂದ ಜಾನ್ ಹಾಲರ್ ಅಲ್ಲಿ ಹೊಸ ಮಗ್ಗಗಳನ್ನು ಹೂಡಿಸಿದರು, ಬಣ್ಣಗಳ ಪ್ರಯೋಗ ನಡೆಸಿದರು. ಖಾಕಿ ಹುಟ್ಟಿದ್ದೇ ಅಲ್ಲಿ ಎಂದು ಕರಾವಳಿಯವರು ಅಭಿಮಾನದಿಂದ ಹೇಳುವುದುಂಟು. ಗೈಡ್ಸ್ ಪಡೆಯ ಕಾಲವನ್ನು ನೋಡಿದರೆ ಇದನ್ನು ಪೂರ್ತಿ ಒಪ್ಪುವುದು ಕಷ್ಟ. ಆದರೆ ಮಿಶನ್ನಿನ ಖಾಕಿ ಬಟ್ಟೆ ಹೆಸರು ಗಳಿಸಿದ್ದು ನಿಜ. ಮುಂದೆ 1884ರಲ್ಲಿ ಇಂಗ್ಲೆಂಡಿನ ಗ್ಯಾಟಿ ಎಂಬವರು ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳಿಂದ ಮಾಸದ ಖಾಕಿಗೆ ಪೇಟೆಂಟ್ ಪಡೆದರು. ಅದೇ ವರ್ಷ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆ ಗಿರಣಿ ಶುರುವಾಯಿತು. ಜನರ ಬಾಯಲ್ಲಿ ಬಿನ್ನಿ ಮಿಲ್ ಆದ ಅದು ಸೈನ್ಯಕ್ಕೂ ಬಟ್ಟೆ ನೇಯ್ದುಕೊಟ್ಟಿತು. ಈಗ ಆ ಗಿರಣಿ ಇಲ್ಲ.

ಬಣ್ಣ ನಿಂತ ಮೇಲೆ ಉಳಿದದ್ದು ಗೆರೆ. ಅದರ ಗುಟ್ಟು ಅನ್ನದ ಗಂಜಿಯಲ್ಲಿದೆ. ಅಕ್ಕಿಯ ಪಿಷ್ಟ ಬಿಸಿನೀರಿನಲ್ಲಿ ಉಬ್ಬಿ ಅಂಟಾಗುತ್ತದೆ. ಬಟ್ಟೆಯನ್ನು ಅದರಲ್ಲಿ ಅದ್ದಿ, ಅರೆ ಒಣಗಿದಾಗ ಇಸ್ತ್ರಿ ಹಾಕಿದರೆ ಆ ಅಂಟು ನೂಲಿನ ಮೇಲೆ ತೆಳ್ಳಗಿನ ಪೊರೆಯಂತೆ ಗಟ್ಟಿಯಾಗುತ್ತದೆ. ಇನ್ನೂ ಒಂದು ಲಾಭವುಂಟು: ಧೂಳು ನೂಲಿಗಲ್ಲ, ಪೊರೆಗೆ ಅಂಟುವುದರಿಂದ ಮುಂದಿನ ಒಗೆತದಲ್ಲಿ ಗಂಜಿಯೊಡನೆ ಕೊಳೆಯೂ ಹೋಗುತ್ತದೆ. ಆದರೆ ಅತಿಯಾದರೆ ಮಡಿಕೆಯಲ್ಲೇ ಬಟ್ಟೆ ಸೀಳುತ್ತದೆ. ಮಳೆಗಾಲದಲ್ಲಿ ಬೂಸ್ಟು, ಪೆಟ್ಟಿಗೆಯಲ್ಲಿಟ್ಟರೆ ಜಿರಲೆ. ಈ ಹದವನ್ನು ಬಲ್ಲವರು ದಂಡಿನ ಮಡಿವಾಳರು. ಭಾರತೀಯ ಸೇನೆಯಲ್ಲಿ ಇಂದಿಗೂ ಧೋಬಿ ಕೆಲಸಕ್ಕೆಂದೇ ಜನರನ್ನು ಸೇರಿಸಿಕೊಳ್ಳುತ್ತಾರೆ.

ಟೆರಿಕಾಟ್ ಬಂದಮೇಲೆ ಗಂಜಿಯ ಗರ್ವ ಇಳಿಯಿತು. 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ಯುದ್ಧ ಸಮವಸ್ತ್ರದಲ್ಲಿ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸುವ ಗೋಜೂ ಇಲ್ಲ. ಅಮೆರಿಕದ ಸೈನ್ಯವಂತೂ ತನ್ನ ಯುದ್ಧದ ಉಡುಪಿಗೆ ಗಂಜಿ ಹಾಕುವುದನ್ನೇ ನಿಷೇಧಿಸಿದೆ. ರಾತ್ರಿಯಲ್ಲಿ ಕಾಣುವ ದುರ್ಬೀನುಗಳ ಕಣ್ಣಿನಿಂದ ಮರೆಯಾಗಲೆಂದು ಬಟ್ಟೆಗೆ ಕೊಟ್ಟ ಸಂಸ್ಕಾರ ಗಂಜಿ, ಇಸ್ತ್ರಿಯಿಂದ ಕೆಡುತ್ತದೆ.

ಗೇಟಿನ ಕಾವಲುಗಾರರಿಗೆ ಈ ವಿನಾಯಿತಿ ಬಂದಿಲ್ಲ. ಹವಾಲ್ದಾರರ ಬಳಿ ಇರುವುದು ಎರಡೇ ಜೊತೆ. ಕೊಟ್ಟಾಗಲೇ ಸಂಬಳದಲ್ಲಿ ಮುರಿದುಕೊಂಡರಂತೆ. ಮಳೆಗಾಲದಲ್ಲಿ ಒಂದನ್ನು ರಾತ್ರಿಯಿಡೀ ಫ್ಯಾನಿನ ಕೆಳಗೆ ಒಣಹಾಕಿ, ಬೆಳಿಗ್ಗೆ ಆರಕ್ಕೆ ರಸ್ತೆ ಬದಿಯ ಇಸ್ತ್ರಿ ಗಾಡಿಯ ಮುಂದೆ ನಿಲ್ಲುತ್ತಾರೆ. ‘ಕೆಂಡ ಕಾಯೋದು ತಡವಾದ್ರೆ ಹಾಜರಿ ಹೋಗುತ್ತೆ ಸಾರ್’ ಎಂದರು.