ಚೀಟಿ ಓದಿದವರ ಹೊಣೆ

ಮೊನ್ನೆ ಲಕ್ಕೂರಿಗೆ ಹೋಗಿದ್ದೆ. ಅಜ್ಜಿ ತೀರಿಕೊಂಡ ಮೇಲೆ ಯಾರೂ ತೆಗೆಯದಿದ್ದ ಟ್ರಂಕನ್ನು ತೆಗೆದಾಗ ಹಳೆಯ ಔಷಧಿ ಚೀಟಿಯೊಂದು ಸಿಕ್ಕಿತು. 2019ರದ್ದು. ನೋಡಿದ ಕೂಡಲೇ ಹೊಟ್ಟೆಯಲ್ಲಿ ಸಂಕಟ.

ಅಜ್ಜಿಗೆ ಕೀಲುವಾತವಿತ್ತು. ಡಾಕ್ಟರು ಮೆಥೋಟ್ರೆಕ್ಸೇಟ್ ಬರೆದಿದ್ದರು, ವಾರಕ್ಕೆ ಒಂದೇ ದಿನ. ಮೆಡಿಕಲ್ ಶಾಪಿನ ಹುಡುಗ ಕವರಿನ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟಿದ್ದು "ದಿನಾ ರಾತ್ರಿ 1" ಅಂತ. ಅಜ್ಜಿಗೆ ಓದು ಬರದು, ಚಿಕ್ಕಮ್ಮ ಕವರನ್ನೇ ನಂಬಿದರು. ಒಂಬತ್ತನೇ ದಿನಕ್ಕೆ ಬಾಯೆಲ್ಲಾ ಹುಣ್ಣು, ನೀರೂ ಇಳಿಯದು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣಗಳು ಕುಸಿದಿದ್ದವು. ಎರಡು ವಾರ ಮಲಗಿ ಹೇಗೋ ಎದ್ದು ಬಂದರು. ಈ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರಿಗೆ ಕೊಡುತ್ತಾರೆ. ಕೀಲುವಾತಕ್ಕೆ ಸ್ವಲ್ಪವೇ, ಅದೂ ವಾರಕ್ಕೊಮ್ಮೆ. ದಿನಾ ತಗೊಂಡರೆ ಜೀವಕ್ಕೇ ಅಪಾಯ.

ಅಂಗಡಿಗೆ ಹೋಗಿ ಕೇಳಿದೆ. "ಡಾಕ್ಟರ ಅಕ್ಷರ ನೋಡಣ್ಣ, ಯಾರಿಗೆ ಅರ್ಥ ಆಗುತ್ತೆ? ಹುಡುಗ ಬೇರೆ ಹೊಸಬ" ಅಂದರು ಮಾಲೀಕರು. ಗೋಡೆಯ ಮೇಲೆ ಫಾರ್ಮಸಿಸ್ಟ್ ಸರ್ಟಿಫಿಕೇಟು ತೂಗುತ್ತಿತ್ತು. ಅದರಲ್ಲಿದ್ದ ಹೆಸರಿನ ಮನುಷ್ಯನನ್ನು ನಾನು ಆ ಅಂಗಡಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ!

ಹಾಗಾದರೆ ತಪ್ಪು ಯಾರದು? ಆವತ್ತಿನಿಂದ ಇದರ ಚರಿತ್ರೆಯನ್ನು ಹುಡುಕಿ ಹುಡುಕಿ ಓದಿದೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಅಜ್ಜಿಯ ಕಾಲದಲ್ಲಿ ಕಾಂಪೌಂಡರ್ ಇದ್ದರು. ಮನೆಯಿಂದಲೇ ಬಾಟಲಿ ಒಯ್ಯಬೇಕು, ಅವರು ಮಿಕ್ಸ್ಚರ್ ಕಲಸಿ, ಗುರುತು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುವರು. ಒಂದು ಗುರುತು ಅಂದರೆ ಒಂದು ವೇಳೆ. ಓದು ಬರದವರಿಗೂ ಲೆಕ್ಕ ತಪ್ಪುತ್ತಿರಲಿಲ್ಲ.

ಆಗಿನ ಕಾನೂನು 1860ರ ಭಾರತೀಯ ದಂಡ ಸಂಹಿತೆ. ಅದರ 276ನೇ ಕಲಮಿನ ಪ್ರಕಾರ, ಗೊತ್ತಿದ್ದೂ ಒಂದು ಔಷಧಿಯನ್ನು ಇನ್ನೊಂದೆಂದು ಮಾರಿದರೆ ಅಪರಾಧ. (2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 278ನೇ ಕಲಮು.) 'ಗೊತ್ತಿದ್ದೂ' ಅನ್ನುವುದೇ ಇಲ್ಲಿ ಮುಖ್ಯ. ನಮ್ಮ ಹುಡುಗನಿಗೆ ಗೊತ್ತೇ ಇರಲಿಲ್ಲವಲ್ಲ!

ಮುಂದೆ ಕಾನೂನು ಬೇರೆ ಪ್ರಶ್ನೆ ಕೇಳಿತು: ಔಷಧಿ ಕೊಡಲು ಯಾರಿಗೆ ಹಕ್ಕಿದೆ? 1930-31ರಲ್ಲಿ ಆರ್. ಎನ್. ಚೋಪ್ರಾ ಅವರ ಸಮಿತಿ ದೇಶದ ಔಷಧಿ ಮಾರಾಟದ ಅವ್ಯವಸ್ಥೆಯನ್ನು ಪರಿಶೀಲಿಸಿತು. ನಂತರ 1940ರ ಔಷಧ ಕಾಯಿದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯಿದೆ ಬಂದವು. ಐದು ವರ್ಷ ಅನುಭವವಿದ್ದ ಕಾಂಪೌಂಡರುಗಳಿಗೂ ಮೊದಲ ನೋಂದಣಿಯಲ್ಲಿ ಜಾಗ ಸಿಕ್ಕಿತು. 42ನೇ ಕಲಮು ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಚೀಟಿಗೆ ಔಷಧಿ ಕೊಡುವುದನ್ನು ಅಪರಾಧವಾಗಿಸಿತು. 1945ರ ನಿಯಮಗಳ 65ನೇ ನಿಯಮದಂತೆ ಫಾರ್ಮಸಿಸ್ಟರ ಖುದ್ದು ಮೇಲ್ವಿಚಾರಣೆ ಬೇಕು. ಗೋಡೆಯ ಸರ್ಟಿಫಿಕೇಟು ಮೇಲ್ವಿಚಾರಣೆ ಮಾಡುತ್ತದೆಯೇ?

ಮೂರನೇ ಪ್ರಶ್ನೆ, ಅಜಾಗರೂಕತೆಯದು. ಇದಕ್ಕೆ ಇಂಗ್ಲೆಂಡಿನ ಪ್ರೆಂಡರ್‌ಗಾಸ್ಟ್ ಪ್ರಕರಣ ಒಳ್ಳೆಯ ಉದಾಹರಣೆ. ಡಾಕ್ಟರು ಬರೆದದ್ದು ಅಮಾಕ್ಸಿಲ್ ಎಂಬ ಆಂಟಿಬಯಾಟಿಕ್, ಫಾರ್ಮಸಿಸ್ಟ್ ಓದಿಕೊಂಡದ್ದು ಡಯೋನಿಲ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ. ರೋಗಿಯ ಮೆದುಳಿಗೇ ಶಾಶ್ವತ ಹಾನಿಯಾಯಿತು. ಅಕ್ಷರ ಕೆಟ್ಟದಾಗಿದ್ದದ್ದು ನಿಜ, ಆದರೆ ಮಾತ್ರೆಯ ಪ್ರಮಾಣ, ಸಂಖ್ಯೆ ಡಯೋನಿಲ್‌ಗೆ ಹೊಂದುತ್ತಿರಲಿಲ್ಲ. ಅಲ್ಲಿ ಸಕ್ಕರೆ ಕಾಯಿಲೆಯವರಿಗೆ ಔಷಧಿ ಉಚಿತ, ಈತನೋ ಹಣ ಕೊಟ್ಟಿದ್ದ. ಅನುಮಾನ ಬರಬೇಕಿತ್ತು ಅಂದಿತು ಕೋರ್ಟು. ಡಾಕ್ಟರಿಗೆ ಶೇಕಡಾ 25, ಫಾರ್ಮಸಿ ಕಡೆಯವರಿಗೆ ಶೇಕಡಾ 75 ಹೊಣೆ. 1989ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು.

ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ವಿಚಾರ ಸರಿಯಾಗಿದೆ. ಈಗ ಕಲಸುವ ಕೆಲಸವನ್ನೆಲ್ಲ ಕಂಪನಿಗಳೇ ಮಾಡುತ್ತವೆ. ಅಂಗಡಿಯಲ್ಲಿ ಉಳಿದಿರುವುದು ಎರಡೇ: ಚೀಟಿ ಸರಿಯಾಗಿ ಓದುವುದು, ಸರಿಯಾಗಿ ಹೇಳಿಕೊಡುವುದು. ಅರ್ಥವಾಗದಿದ್ದರೆ ಡಾಕ್ಟರಿಗೊಂದು ಫೋನು. ಅಷ್ಟೂ ಮಾಡದಿದ್ದರೆ ಫಾರ್ಮಸಿಸ್ಟ್ ಯಾಕೆ ಬೇಕು?

ನಮ್ಮಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಪರಿಹಾರದ ದಾರಿ ತೆರೆಯಿತು, ಈಗ ಅದರ ಜಾಗದಲ್ಲಿ 2019ರ ಕಾಯಿದೆ ಇದೆ. ದೂರು ಕೊಡಲು ಎರಡು ವರ್ಷ ಅವಕಾಶ. ನಾವು ಕೊಡಲಿಲ್ಲ. ಅಜ್ಜಿಯೇ ಬೇಡ ಅಂದರು. "ಬಿಡಪ್ಪಾ, ನಿಮ್ಮ ತಾತನಿಗೆ ಉಬ್ಬಸ ಬಂದಾಗ ರಾತ್ರಿ ಹನ್ನೆರಡಕ್ಕೆ ಕದ ತೆಗೆದು ಸಾಲಕ್ಕೆ ಮಾತ್ರೆ ಕೊಟ್ಟೋರು ಅವರೇ."

ಅದೂ ಸುಳ್ಳಲ್ಲ. ಆದರೆ ಇವತ್ತಿಗೂ ಒಂದು ಕೊರೆಯುತ್ತದೆ. ಆ ಹುಡುಗ ಮರುದಿನವೂ ಅಲ್ಲೇ ನಿಂತು ಇನ್ಯಾರದೋ ಅಜ್ಜಿಯ ಚೀಟಿ ಓದಿರುತ್ತಾನಲ್ಲ? ದುಡ್ಡು ಬೇಡವಾಗಿತ್ತು ಸರಿ, ಔಷಧ ನಿಯಂತ್ರಣ ಇಲಾಖೆಗೆ ಒಂದು ಕಾಗದವನ್ನಾದರೂ ಬರೆಯಬಹುದಿತ್ತು. ನಮ್ಮ ದಾಕ್ಷಿಣ್ಯಕ್ಕೆ ಬೇರೆಯವರು ಬೆಲೆ ತೆರಬಾರದು.

ಗೆಳೆಯರೇ, ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ಕೆಲಸ ಮಾಡಿ. ಕವರಿನ ಮೇಲಿನ ಬರಹವನ್ನು ಚೀಟಿಯ ಪಕ್ಕ ಇಟ್ಟು ನೋಡಿ. ಬಿಲ್ಲು ಕೇಳಿ ಇಸಕೊಳ್ಳಿ. ಗೋಡೆಯ ಮೇಲಿರುವ ಹೆಸರಿನವರು ಯಾರು ಅಂತ ಒಮ್ಮೆ ವಿಚಾರಿಸಿ. ನಾನು ಆ ಚೀಟಿಯನ್ನು ಎಸೆಯಲಿಲ್ಲ, ಜೊತೆಗೆ ತಂದಿಟ್ಟುಕೊಂಡಿದ್ದೇನೆ.