ಅಕ್ಷರ ಹೊತ್ತೊಯ್ಯುವ ಕಾಗದ

1756ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬ ಮುದ್ರಕರು ಪ್ರಮಾಣ ಮಾಡಿ ಒಂದು ಹೇಳಿಕೆ ಬರೆದುಕೊಟ್ಟರು. ಜುಲೈ 27ರಂದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರೊಳಗೆ, ಬೇರೆ ಯಾರ ನೆರವೂ ಇಲ್ಲದೆ, 1200ಕ್ಕೂ ಹೆಚ್ಚು ಟೈಲ್ಸ್‌ಗಳ ಮೇಲೆ ಚಿತ್ರ ಮುದ್ರಿಸಿದ್ದೇವೆ ಎಂಬುದು ಅದರ ಒಕ್ಕಣೆ. ನುರಿತ ನೂರು ಮಂದಿ ಚಿತ್ರಗಾರರು ಕೂತರೂ ಅಷ್ಟು ಹೊತ್ತಿನಲ್ಲಿ ಇಷ್ಟು, ಇಷ್ಟು ಚೆನ್ನಾಗಿ ಬರೆಯಲಾರರು ಎಂಬ ಮಾತೂ ಅದರಲ್ಲಿತ್ತು. ವ್ಯಾಪಾರಿಯ ಬಾಯಿ, ಇರಲಿ. ಕಸುಬು ಮಾತ್ರ ನಿಜವಾದದ್ದೇ.

ಮಕ್ಕಳು ರದ್ದಿಯಾದ ಮುದ್ರಣದ ಹಾಳೆಗಳನ್ನು ಒಡಕು ಪಿಂಗಾಣಿಗೆ ಅಂಟಿಸಿ ಆಡುವುದನ್ನು ಕಂಡು ಸ್ಯಾಡ್ಲರನಿಗೆ ಇದು ಹೊಳೆಯಿತೆಂದು ಒಂದು ಕಥೆಯಿದೆ. ಕಥೆ ಹೇಗೇ ಇರಲಿ, ಈ ಬಗೆಯ ಕೆಲಸದ ಕ್ರಮ ಸರಳ. ಕೆತ್ತಿದ ತಾಮ್ರದ ತಗಡಿಗೆ ಬಣ್ಣ ತುಂಬಿ ತೆಳು ಕಾಗದಕ್ಕೆ ಒತ್ತುವುದು, ಕಾಗದವನ್ನು ಪಾತ್ರೆಗೆ ತಿಕ್ಕಿ ಚಿತ್ರ ಇಳಿಸುವುದು, ಬಳಿಕ ಕುಲುಮೆಯಲ್ಲಿ ಸುಡುವುದು. ಸ್ಟ್ಯಾಫರ್ಡ್‌ಶೈರಿನ ಜೊಸೈಯಾ ವೆಜ್‌ವುಡ್ ತನ್ನ ಕೆನೆಬಣ್ಣದ ಪಾತ್ರೆಗಳನ್ನು ಲಿವರ್‌ಪೂಲಿಗೆ ಕಳಿಸಿ ಚಿತ್ರ ಹಾಕಿಸಿಕೊಳ್ಳುತ್ತಿದ್ದ.

ಆಗ ಕಾಗದ ಹೊರುತ್ತಿದ್ದದ್ದು ಬಣ್ಣವನ್ನು. ಕತ್ತರಿಸಿದ ಅಕ್ಷರಗಳನ್ನೇ ಹೊರುವ ಕೆಲಸ ಅದಕ್ಕೆ ದಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು 1940ರಲ್ಲಿ ಅಮೆರಿಕ ಸೇರಿದ ಜೋಸೆಫ್ ಗರ್ಬರ್ ಕನೆಕ್ಟಿಕಟ್‌ನಲ್ಲಿ ಕಟ್ಟಿದ ಕಂಪನಿ, 1983ರಲ್ಲಿ ಸೈನ್‌ಮೇಕರ್ 3 ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅಂಟಿರುವ ವಿನೈಲ್ ಹಾಳೆಯಲ್ಲಿ ಅದು ಅಕ್ಷರ ಕೊಯ್ಯುತ್ತಿತ್ತು. ಬೋರ್ಡು ಬರೆಯುವವರ ಕುಂಚಕ್ಕೆ ಕೆಲಸ ಕಡಿಮೆಯಾದದ್ದು ಅಲ್ಲಿಂದಲೇ. ನಮ್ಮ ಊರುಗಳ ‘ರೇಡಿಯಂ ಕಟಿಂಗ್’ ಅಂಗಡಿಗಳಲ್ಲಿ ಬ್ಲೇಡು ಹಿಡಿದು ನಂಬರ್ ಪ್ಲೇಟಿನ ಅಂಕಿ ಕೊಯ್ಯುತ್ತಿದ್ದವರ ಪಕ್ಕದಲ್ಲೂ ಮುಂದೆ ಇಂಥದೇ ಯಂತ್ರ ಬಂದು ಕೂತಿತು.

ಕೊಯ್ಯುವುದು ಯಂತ್ರಕ್ಕೆ ಸಲೀಸು. ಹತ್ತು ಬಿಡಿ ತುಂಡುಗಳನ್ನು ಅಂತರ ಕೆಡದಂತೆ ಗೋಡೆಗೋ ಗಾಜಿಗೋ ದಾಟಿಸುವುದೇ ಕಷ್ಟ. ಕನ್ನಡದಲ್ಲಂತೂ ಈ ಕಷ್ಟ ಇಮ್ಮಡಿ: ಒತ್ತಕ್ಷರಗಳು ಹಲವು ಫಾಂಟುಗಳಲ್ಲಿ ಮೇಲಿನ ಅಕ್ಷರಕ್ಕೆ ತಾಗದೆ ಕೆಳಗೆ ಬಿಡಿಯಾಗಿ ನಿಂತಿರುತ್ತವೆ. ‘ಠ’ದ ನಡುವಿನ ಚುಕ್ಕೆ ಬಿದ್ದುಹೋದರೆ ಮಠದ ಬೋರ್ಡು ಮರದ ಬೋರ್ಡಾಗುತ್ತದೆ. ಇದಕ್ಕೇ ಟ್ರಾನ್ಸ್‌ಫರ್ ಕಾಗದ. ಹದವಾದ ಅಂಟಿರುವ ಆ ಹಾಳೆಯನ್ನು ಮೇಲೆ ಹಚ್ಚಿ ಎತ್ತಿದರೆ ಅಕ್ಷರ, ಒತ್ತು, ಚುಕ್ಕೆ ಎಲ್ಲವೂ ಇದ್ದ ಜಾಗದಲ್ಲೇ ಒಟ್ಟಿಗೆ ಏಳುತ್ತವೆ.

2000ರ ದಶಕದಲ್ಲಿ ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಕ್ರಾಫ್ಟ್ ಕಂಪನಿ ‘ಕ್ರಿಕಟ್’ ಹೆಸರಿನಲ್ಲಿ ಈ ಕೊಯ್ಯುವ ಯಂತ್ರವನ್ನು ಮನೆಯ ಮೇಜಿಗಿಳಿಸಿತು. ಮೊದಮೊದಲ ಯಂತ್ರಗಳಿಗೆ ಕಂಪ್ಯೂಟರೂ ಬೇಕಿರಲಿಲ್ಲ. ವಿನ್ಯಾಸ ತುಂಬಿದ ಕಾರ್ಟ್ರಿಜ್ ಸಿಕ್ಕಿಸಿದರೆ ಸಾಕಿತ್ತು. ಹುಟ್ಟುಹಬ್ಬದ ಕಾರ್ಡು, ಡಬ್ಬಿಯ ಮೇಲಿನ ಹೆಸರು, ಬಾಗಿಲ ಬರಹ ಎಲ್ಲ ಮನೆಯಲ್ಲೇ ಆಗತೊಡಗಿದವು.

ದಾಟಿಸುವ ಕೆಲಸ ಮಾತ್ರ ಇಂದಿಗೂ ಕೈಯದೇ. ಅಂಟು ಹೆಚ್ಚಾದರೆ ಅಕ್ಷರ ಕಾಗದವನ್ನು ಬಿಡದು, ಕಡಿಮೆಯಾದರೆ ಮೇಲೇಳದು. ಹೊಸಬರು ಅಕ್ಷರದ ಮೇಲೆ ಪಟ್ಟಿಯಿಂದ ಚೆನ್ನಾಗಿ ಉಜ್ಜಿ, ಕಾಗದವನ್ನು ನೇರ ಮೇಲಕ್ಕೆ ಎಳೆಯದೆ ಓರೆಯಾಗಿ, ನಿಧಾನಕ್ಕೆ ಬಿಡಿಸಲಿ. ಯಾವುದಾದರೂ ತುಂಡು ಜೊತೆಗೇ ಎದ್ದು ಬಂದರೆ ಕಾಗದವನ್ನು ಮತ್ತೆ ಒರಗಿಸಿ ಇನ್ನೊಮ್ಮೆ ಉಜ್ಜಲಿ.